ಅಡಿಯಲ್ಲಿ ಉಳಿದ ಅರ್ಜಿ

ಮತದಾರರ ಪಟ್ಟಿಯೆಂಬುದು ಓದುಗರಿಲ್ಲದ ಗ್ರಂಥ. ಪ್ರತಿಯೊಬ್ಬರೂ ತಮ್ಮ ಹೆಸರಿನ ಸಾಲನ್ನು ನೋಡಿ ಮುಚ್ಚಿಬಿಡುತ್ತಾರೆ. ಅದನ್ನು ಮೂವತ್ತೆಂಟು ವರ್ಷ ಮೊದಲಿನಿಂದ ಕೊನೆಯವರೆಗೆ ಓದಿದವರು, ನಾವೆಲ್ಲ ‘ಪಟ್ಟಿ ಮೇಷ್ಟ್ರು’ ಎಂದು ಕರೆಯುವ ನಮ್ಮ ಪೂಜ್ಯ ಹಿರಿಯ ಗುಮಾಸ್ತರು. ಅವರ ಕೈಕೆಳಗೆ ಇಪ್ಪತ್ತೆರಡು ವರ್ಷ ದುಡಿದವಳಾದ್ದರಿಂದ, ಅವರ ನಿವೃತ್ತಿಗೆಂದು ಅಚ್ಚಾಗುತ್ತಿರುವ ಈ ಹೊತ್ತಿಗೆಯಲ್ಲಿ ನಾಲ್ಕು ಮಾತು ಬರೆಯುವ ಪುಣ್ಯ ನನ್ನ ಪಾಲಿಗೆ ಬಂದಿದೆ.

ನಮ್ಮಜ್ಜಿ ಹೇಳುತ್ತಿದ್ದ ಕಥೆಯೊಂದರಲ್ಲಿ ರಾಜನು ದನಗಳನ್ನೆಲ್ಲ ಎಣಿಸಿ, ಕಾಯುವವನನ್ನು ಎಣಿಸಲು ಮರೆಯುತ್ತಾನೆ. ಮತದ ಹಕ್ಕಿನ ಕಥೆಯೂ ಹಾಗೆಯೇ. ಮೇಷ್ಟ್ರ ತಾತನ ಕಾಲಕ್ಕೆ ಕಂದಾಯ ಕಟ್ಟುವ ಗಂಡಸರಷ್ಟೇ ಲೆಕ್ಕಕ್ಕಿದ್ದರು. ತಂದೆಯ ಕಾಲಕ್ಕೆ ಸಂವಿಧಾನ ಬಂದು ಬಡವರಿಗೂ ಹೆಂಗಸರಿಗೂ ಬಾಗಿಲು ತೆರೆಯಿತು. ಇವರು ಕೆಲಸಕ್ಕೆ ಸೇರಿದ ವರ್ಷ ತಿದ್ದುಪಡಿಯಾಗಿ, ಇಪ್ಪತ್ತೊಂದಿದ್ದ ವಯಸ್ಸು ಹದಿನೆಂಟಕ್ಕಿಳಿಯಿತು. ನಾನು ಸೇರಿದ ಮರುವರ್ಷ ಮನೆಯಿಲ್ಲದವರಿಗೂ ಹಕ್ಕು ಬಂದಾಗ, ಸೇತುವೆಯ ಕೆಳಗೆ ಮಲಗುವ ಚಪ್ಪಲಿ ಹೊಲಿಯುವವನೊಬ್ಬನ ಅರ್ಜಿಯಲ್ಲಿ ವಿಳಾಸದ ಜಾಗ ಖಾಲಿ ನೋಡಿ ನಾನದನ್ನು ಹಿಂದಿರುಗಿಸಿದ್ದೆ. ಮೇಷ್ಟ್ರು ನನ್ನನ್ನು ಗದರಲಿಲ್ಲ. ಸೇತುವೆಗೇ ಕರೆದೊಯ್ದು, ‘ಮೂರನೇ ಕಂಬ, ಪೂರ್ವದ ಬದಿ’ ಎಂದು ತಾವೇ ಬರೆದರು.

“ಮಳೆ ಬಂದ್ರೆ ನಾಲ್ಕನೇ ಕಂಬ ಸ್ವಾಮಿ,” ಎಂದ ಅವನು.

“ಅದನ್ನೂ ಬರೀತೀನಿ ಬಿಡಪ್ಪ. ಎರಡು ಮನೆ ಸಾಹುಕಾರ ನೀನು.”

ಮೇಷ್ಟ್ರಿಗೊಬ್ಬ ಅಕ್ಕನಿದ್ದರು. ತಾಯಿಯಿಲ್ಲದ ತಮ್ಮನನ್ನು ಎತ್ತಿ ಆಡಿಸಿ, ಅಕ್ಷರ ತಿದ್ದಿಸಿ, ಆಮೇಲೆ ಮನಸ್ಸಿನ ಕಾಯಿಲೆಯಿಂದ ಆಸ್ಪತ್ರೆ ಸೇರಿ ಅಲ್ಲೇ ಮುದುಕಿಯಾದವರು. ಅಂಥ ಆಸ್ಪತ್ರೆಯಲ್ಲಿರುವವರಿಗೆ ಮತವಿರಲಿಲ್ಲ. ಪ್ರತಿ ಚುನಾವಣೆಗೂ ಅವರದು ಒಂದೇ ಪ್ರಶ್ನೆ.

“ಏನೋ, ಈ ಸಲನಾದ್ರೂ ನನಗೆ ಓಟು ಇದೆಯಾ?”

“ಇನ್ನೂ ಕಾನೂನು ಬಂದಿಲ್ಲ ಅಕ್ಕ.”

“ಪಾಪ, ಅದಕ್ಕೂ ನನ್ನ ಹಾಗೇ ಮಂಡಿ ನೋವೇನೋ.”

ಆರು ವರ್ಷಗಳ ಹಿಂದೆ ಕಾನೂನು ಬಂತು. ಆಸ್ಪತ್ರೆಯಿಂದ ಮುನ್ನೂರಕ್ಕೂ ಹೆಚ್ಚು ಅರ್ಜಿಗಳನ್ನು ನಾವಿಬ್ಬರೂ ಬರೆಸಿಕೊಂಡು ತಂದೆವು. ಆದರೆ ಮೇಷ್ಟ್ರದೊಂದು ಪದ್ಧತಿಯಿತ್ತು: ತಮ್ಮವರ ಅರ್ಜಿಯೆಂದರೆ ಅದು ಕಟ್ಟಿನ ಅಡಿಗೆ. ಮಗನಿಗೆ ಹದಿನೆಂಟು ತುಂಬಿದಾಗಲೂ ಹಾಗೇ ಇಟ್ಟಿದ್ದರು. ಆ ಸಲ ಕಟ್ಟು ಮುಗಿದಿತ್ತು. ಈ ಸಲ ಕೊನೆಯ ದಿನ ಮಧ್ಯಾಹ್ನವಾದರೂ ಕಟ್ಟು ಕರಗಲಿಲ್ಲ.

“ಅಕ್ಕನವರದನ್ನ ಮೇಲಿಡ್ಲಾ ಸರ್?” ಎಂದು ಕೇಳಿದೆ.

“ಬೇಡಮ್ಮ. ಇವರೆಲ್ಲ ಯಾರದೋ ಅಕ್ಕಂದಿರೇ.”

ಐದು ಗಂಟೆಗೆ ಅಧಿಕಾರಿಗಳು ಅರ್ಜಿ ದಾಖಲಿಸುವ ಪುಸ್ತಕಕ್ಕೆ ಮೊಹರು ಹಾಕಿದರು. ಒಂಬತ್ತು ಅರ್ಜಿಗಳು ಮರುವರ್ಷಕ್ಕೆ ಉಳಿದವು. ಎಲ್ಲಕ್ಕಿಂತ ಕೆಳಗಿನದು ಅಕ್ಕನದು.

ಮತದಾನದ ದಿನ ಆಸ್ಪತ್ರೆಯವರೆಲ್ಲ ಬಸ್ಸಿನಲ್ಲಿ ಹೊರಟಾಗ, ಹೆಸರಿಲ್ಲವೆಂದು ತಿಳಿದಿದ್ದರೂ ಅಕ್ಕ ತಲೆ ಬಾಚಿಕೊಂಡು ಹತ್ತಿದರು. “ಸಾಲು ಹೇಗಿರತ್ತೆ ನೋಡ್ತೀನಿ,” ಎಂದರಂತೆ. ಒಂದೂವರೆ ಗಂಟೆ ಸಾಲಿನಲ್ಲಿ ನಿಂತು, ಬಾಗಿಲ ಬಳಿ ಬಂದಾಗ ಪಕ್ಕಕ್ಕೆ ಸರಿದು ಹಿಂದಿನವರಿಗೆ ದಾರಿ ಬಿಟ್ಟರು. “ಚೆನ್ನಾಗಿತ್ತು ಕಣೋ,” ಎಂದು ತಮ್ಮನಿಗೆ ಹೇಳಿದರು.

ಮರುವರ್ಷ ಪಟ್ಟಿಯಲ್ಲಿ ಅವರ ಹೆಸರು ಬಂತು. ಮುಂದಿನ ಚುನಾವಣೆ ಬರುವ ಮೊದಲೇ ಅವರು ತೀರಿಕೊಂಡರು. ಆ ಹೆಸರಿಗೆ ಗೆರೆ ನಾನೆಳೆಯುತ್ತೇನೆಂದರೆ ಮೇಷ್ಟ್ರು ಲೇಖನಿ ಕೊಡಲಿಲ್ಲ. ತಾವೇ ಎಳೆದು, ಶಾಯಿ ಆರುವವರೆಗೆ ಕಾದು, ಅಂದರು: “ಪದ್ಧತಿ ಒಳ್ಳೇದೇ ಅಮ್ಮ. ಆದ್ರೆ ಅವತ್ತು ನಾನು ನೋಡಿದ್ದು ನ್ಯಾಯವನ್ನಲ್ಲ, ಜನ ಏನಂತಾರೋ ಅನ್ನೋದನ್ನ.”

ಇದನ್ನು ಬರೆಯಲೇ ಎಂದು ಅಳುಕುತ್ತಲೇ ಕೇಳಿದೆ. “ಹೊಗಳೋದನ್ನ ಕಮ್ಮಿ ಮಾಡಿ ಅದನ್ನ ಬರಿ,” ಎಂದರು. ಈಗಲೂ ಪ್ರತಿ ಮಂಗಳವಾರ ಆಸ್ಪತ್ರೆಗೆ ಹೋಗಿ, ಹೊಸದಾಗಿ ಬಂದವರ ಅರ್ಜಿ ಬರೆದುಕೊಡುತ್ತಾರೆ.

ಭಗವಂತನು ಅವರಿಗೆ ದೀರ್ಘಾಯುಸ್ಸನ್ನೂ, ಸಣ್ಣಕ್ಷರ ಓದುವ ಕಣ್ಣನ್ನೂ, ಆ ಮಂಗಳವಾರಗಳನ್ನೂ ಉಳಿಸಿಕೊಡಲಿ. ಊರಿಗೆಲ್ಲ ಹಂಚಿದ ಕರುಣೆಯಲ್ಲಿ ಒಂದು ಪಾಲನ್ನು, ಆ ಸಂಜೆ ಐದು ಗಂಟೆಗೆ ಮೇಜಿನ ಮುಂದೆ ತಲೆ ತಗ್ಗಿಸಿ ಕೂತಿದ್ದ ಗುಮಾಸ್ತನಿಗೂ ಕೊಡುವ ಮನಸ್ಸನ್ನು ಅವರಿಗೆ ದಯಪಾಲಿಸಲಿ.