ಚಂದ್ರ ಬೀಳದ ಪೇಟಿ

ಬೆಟಗೇರಿಯ ನಮ್ಮ ನೇಕಾರರ ಓಣಿಯಲ್ಲಿ ಮಗ್ಗಗಳನ್ನು ನಿಲ್ಲಿಸುವ ಅಧಿಕಾರ ಇಬ್ಬರಿಗೆ ಮಾತ್ರ ಇತ್ತು: ಒಂದು ಕರೆಂಟಿನವರಿಗೆ, ಇನ್ನೊಂದು ಇಮಾಮಸಾಬರಿಗೆ. ಕರೆಂಟಿನವರು ಹೇಳದೆ ಕೇಳದೆ ನಿಲ್ಲಿಸುತ್ತಿದ್ದರು. ಇಮಾಮಸಾಬರು ಅಂಗಡಿಯ ಬಾಗಿಲಿಗೆ ಬಂದು, ಕೈ ಮೇಲೆತ್ತಿ, “ಅಣ್ಣಾರ, ಎರಡ ನಿಮಿಷ!” ಎಂದು ಕೂಗುತ್ತಿದ್ದರು. ಒಂದೊಂದೇ ಮನೆಯಲ್ಲಿ ಲಟಪಟ ಅಡಗಿ, ಓಣಿ ಉಸಿರು ಬಿಗಿಹಿಡಿಯುತ್ತಿತ್ತು. ಅವರು ಒಳಗೆ ಹೋಗಿ ರಿಪೇರಿಗೆ ಬಂದ ಹಾರ್ಮೋನಿಯಂ (ನಮ್ಮ ಕಡೆ ಅದಕ್ಕೆ ಪೇಟಿ ಎನ್ನುತ್ತಾರೆ) ಮುಂದೆ ಕುಳಿತು, ಎರಡು ಸುರ ಕೂಡಿಸಿ ಒತ್ತಿ, ಕಣ್ಣು ಮುಚ್ಚುತ್ತಿದ್ದರು.

ಪೇಟಿಯೊಳಗೆ ಒಂದೊಂದು ಸುರಕ್ಕೆ ಒಂದೊಂದು ತೆಳ್ಳನೆಯ ಹಿತ್ತಾಳೆ ಪಟ್ಟಿ ಇರುತ್ತದೆ. ಅದನ್ನು ಕಾನಸಿನಿಂದ, ಎಂದರೆ ಸಣ್ಣ ಅರದಿಂದ, ಕೂದಲಷ್ಟು ಉಜ್ಜಿದರೆ ಸುರ ಏರುತ್ತದೆ ಅಥವಾ ಇಳಿಯುತ್ತದೆ. ಹೆಚ್ಚು ಉಜ್ಜಿದರೆ ಪಟ್ಟಿ ಮುರಿಯುತ್ತದೆ. ಇಷ್ಟನ್ನೂ ನನಗೆ ಅವರೇ ಕಲಿಸಿದ್ದು. “ಸುರ ಅಂದ್ರ ಬಾವ್ಯಾಗಿನ ನೀರಿನಂಗ ಇರಬೇಕ್ರಿ ಮಾಸ್ತರ. ಅಲಿ ಏಳಬಾರದು.” ಅಲೆ ಪೂರ್ತಿ ಅಡಗಿತೆಂದು ಅವರಿಗೆ ಒಪ್ಪಿಗೆಯಾದ ದಿನ ಪೇಟಿಯ ಮುಚ್ಚಳದ ಒಳಬದಿಗೆ ಮೊಳೆಯಿಂದ ಒಂದು ಪುಟ್ಟ ಎಳೆಚಂದ್ರ ಕೊರೆಯುತ್ತಿದ್ದರು. ಚಂದ್ರ ಬೀಳದೆ ಪೇಟಿ ಹೊರಬೀಳುತ್ತಿರಲಿಲ್ಲ. ಆಕಾಶದ ಎಳೆಚಂದ್ರನಾದರೂ ತಿಂಗಳಿಗೊಮ್ಮೆ ನೇಮದಿಂದ ಮೂಡುತ್ತಾನೆ; ಇವರ ಚಂದ್ರನಿಗಾಗಿ ಜನ ಮೂರು ಮೂರು ತಿಂಗಳು ಕಾಯುತ್ತಿದ್ದರು.

ಅವರ ಅಂಗಡಿಯ ಮೇಲಿನ ಕೋಣೆಯಲ್ಲಿ ನನ್ನ ಟೈಪಿಂಗ್ ಕ್ಲಾಸು. ಸಂಗೀತದಲ್ಲಿ ನನಗೆ ಎರಡೇ ಸಂಗತಿ ತಿಳಿಯುತ್ತಿದ್ದವು: ಶುರುವಾದದ್ದು ಮತ್ತು ಮುಗಿದದ್ದು. ಒಮ್ಮೆ ಧೈರ್ಯ ಮಾಡಿ, “ಈ ಸುರ ಸರಿ ಐತಲ್ಲರಿ?” ಅಂದೆ. ಇಮಾಮಸಾಬರು ಮರುಕದಿಂದ ನನ್ನ ಕನ್ನಡಕವನ್ನು ನೋಡಿದರು. “ನಿಮಗ ಕಿವಿ ಕೊಟ್ಟದ್ದು ಚಾಳೀಸ ಸಿಗಿಸಾಕ ಅಷ್ಟ ರೀ.”

ಧಾರವಾಡದಿಂದ ಬಿಡಿಸಿ ನಮ್ಮನ್ನು ಹೊಸ ಜಿಲ್ಲೆ ಮಾಡಿದ ವರ್ಷ ಒಂದು ಸಮಾರಂಭದ ಸ್ವಾಗತಗೀತೆಗೆ ಅವರಲ್ಲಿದ್ದ ಪೇಟಿ ಬೇಕಾಯಿತು. ಗುಮಾಸ್ತನೊಬ್ಬ ಬೆವರುತ್ತ ಬಂದ.

“ಚಾಚಾ, ಜಲ್ದಿ ಕೊಡ್ರಿ. ಸಾಹೇಬ್ರು ಕುಂತಬಿಟ್ಟಾರ.”

“ಕುಂಡ್ರಲಿ. ಒಂದ ಸುರ ಕಚ್ಚಾ ಐತಿ.”

“ಅಲ್ಲಿ ಅದೆಲ್ಲಾ ಯಾರಿಗೆ ತಿಳೀತೈತ್ರಿ? ಜಿಲ್ಲಾ ಆಗೇಬಿಟ್ಟೈತಿ!”

“ಜಿಲ್ಲಾ ಆತಂದ್ರ ಸುರಾನೂ ಆತೇನೋ ತಮ್ಮಾ?”

ಪೇಟಿ ಹೋಗಲಿಲ್ಲ. ಐದು ಜನ ಹೆಣ್ಣುಮಕ್ಕಳು ಐದು ಎತ್ತರದಲ್ಲಿ ಹಾಡಿ ಸ್ವಾಗತಿಸಿದರು. ಅದರಿಂದ ಜಿಲ್ಲೆಗೆ ಏನೂ ಬಾಧಕವಾಗಲಿಲ್ಲ. ಇಮಾಮಸಾಬರಿಗೆ ಮಾತ್ರ ಎರಡು ದಿನ ಊಟ ಸೇರಲಿಲ್ಲ.

ಕೆಲವು ವರ್ಷಗಳ ಮೇಲೆ ಹೊಂಬಳದ ಗುರಪ್ಪ ತಮ್ಮ ಭಜನಾ ಮೇಳದ ಪೇಟಿ ಹೊತ್ತು ತಂದ. ಅವನಪ್ಪನ ಕಾಲದ್ದು. ಅಂಥ ಪಟ್ಟಿಗಳು ಈಗ ಸಿಗುವುದಿಲ್ಲ. “ಹೊಸಾವು ಹಾಕಬ್ಯಾಡ್ರಿ ಚಾಚಾ. ಇದರಾಗ ನಮ್ಮಪ್ಪನ ಧ್ವನಿ ಐತಿ,” ಎಂದು ಕೈ ಮುಗಿದು ಹೋದ. ತಿಂಗಳು ಎರಡಾಯಿತು, ನಾಲ್ಕಾಯಿತು. ಒಂದೇ ಒಂದು ಸುರ ಒಲಿಯಲಿಲ್ಲ.

ಒಂದು ಮಧ್ಯಾಹ್ನ ಚಹಾ ಕುಡಿಯಲು ಕೆಳಗಿಳಿದಿದ್ದೆ. ಇಮಾಮಸಾಬರು ಬಾಗಿಲಿಗೆ ಹೋಗಿ ಕೈ ಎತ್ತಿ, “ಅಣ್ಣಾರ, ಎರಡ ನಿಮಿಷ!” ಎಂದರು. ಲಗ್ನದ ಸೀರೆಗಳ ಗಡಿಬಿಡಿ, ಯಾರಿಗೂ ಕೇಳಿಸಲಿಲ್ಲ. ಒಂದು ಮಗ್ಗವೂ ನಿಲ್ಲಲಿಲ್ಲ. ಅವರು ತುಸು ಹೊತ್ತು ಕಾದು ಒಳಗೆ ಬಂದು ಸಮಾಧಾನದಿಂದ ಕುಳಿತರು.

“ಹಾಂ. ಈಗ ಓಣಿ ತಣ್ಣಗಾತು ನೋಡ್ರಿ.”

ಮಗ್ಗಗಳ ಸದ್ದಿಗೆ ನನ್ನ ಕೈಯಲ್ಲಿದ್ದ ಗ್ಲಾಸಿನ ಚಹಾ ನಡುಗುತ್ತಿತ್ತು.

ಅವರು ಪೇಟಿಯ ಕಟ್ಟಿಗೆಗೆ ಗದ್ದ ಒತ್ತಿ ಸುರ ಹಿಡಿದರು. ಒಂದೆರಡು ವರ್ಷದಿಂದ ಹೀಗೆಯೇ ಗದ್ದ ಒತ್ತುತ್ತಿದ್ದರು. ನಾನದನ್ನು ಭಕ್ತಿ ಎಂದು ತಿಳಿದಿದ್ದೆ. ತಲೆ ಅಲ್ಲಾಡಿಸಿದರು. ಪಟ್ಟಿ ಬಿಚ್ಚಿ ಉಜ್ಜಿದರು. ಮತ್ತೆ ಗದ್ದ, ಮತ್ತೆ ಕಾನಸು. ಅವರ ಹೆಂಡತಿ ಬೀಬಿಜಾನ ಚಾಚಿ ಒಳಬಾಗಿಲಲ್ಲಿ ನಿಂತಿದ್ದರು. ನನ್ನ ಮುಖ ನೋಡಿ ಹತ್ತಿರ ಬಂದರು.

“ಎರಡ ವರ್ಷ ಆತ್ರಿ, ಇವರಿಗೆ ಕಿವಿ ಕೇಳವಲ್ದು. ಯಾರ ಮುಂದೂ ಹೇಳಗೊಟ್ಟಿಲ್ಲ. ಆ ಪಟ್ಟಿ ಕಾಗದದಂಗ ಆಗೇತಿ, ಇನ್ನೊಮ್ಮಿ ಉಜ್ಜಿದ್ರ ಮುರೀತೈತಿ. ಮುರದ್ರ ಇವರು ಬದಕಂಗಿಲ್ಲ. ನೀವ ಏನರ ಹೇಳ್ರಿ.”

ಎದ್ದು ಹೋಗಿ ಅವರ ಮುಂಗೈ ಹಿಡಿದೆ. “ಸಾಕ್ರಿ, ಸುರ ಆತು!” ಎಂದು ಒದರಿದೆ.

ಅವರು ನನ್ನ ತುಟಿಗಳನ್ನೇ ನೋಡುತ್ತಿದ್ದರು. “ಅಲಿ ಇಲ್ಲ?”

“ಇಲ್ಲ.”

“ಖರೆ?”

“ಖರೆ.”

ನಕ್ಕರು. “ನಿಮ್ಮ ಕಿವಿ ನಂಬೂ ಕಾಲ ಬಂತಲ್ಲರಿ ಮಾಸ್ತರ.” ಪಟ್ಟಿ ಜೋಡಿಸಿದರು. ಕಾನಸನ್ನು ಅರಿವೆಯಲ್ಲಿ ಸುತ್ತಿ, ಎರಡು ಗಂಟು ಹಾಕಿ ಮೇಲಿಟ್ಟರು. ಮರುದಿನ ಗುರಪ್ಪ ಪೇಟಿ ಒಯ್ದ. ಅಂಗಡಿ ಮತ್ತೆ ತೆರೆಯಲಿಲ್ಲ.

ಆ ಮಳೆಗಾಲ ಮುಗಿಯುವುದರೊಳಗೆ ತೀರಿಕೊಂಡರು. ಮಣ್ಣಿಗೆ ಒಯ್ಯುವಾಗ ಓಣಿಯ ಮಗ್ಗಗಳೆಲ್ಲ ನಿಂತಿದ್ದವು. ಆ ಸಲ ಯಾರೂ ಕೈ ಎತ್ತಿ ಕೇಳಿರಲಿಲ್ಲ.

ಮುಂದೆ ಯಾವುದೋ ಕೆಲಸಕ್ಕೆ ಹೊಂಬಳಕ್ಕೆ ಹೋದಾಗ ಗುರಪ್ಪನ ಮನೆಗೆ ಹೋದೆ. ಕೇಳಬಾರದೆಂದುಕೊಂಡೇ ಕೇಳಿದೆ: “ಪೇಟಿ ಹೆಂಗೈತಪಾ?”

“ಒಂದ ಸುರ ಚೂರು ಇಳದೈತ್ರಿ. ಮೇಳದಾಗ ಎಲ್ಲಾರಿಗೂ ಗೊತ್ತೈತಿ. ಅದು ಬಂದಾಗ ನಾವೂ ಒಂಚೂರು ಇಳದ ಹಾಡತೀವಿ.”

“ಬ್ಯಾರೆ ಯಾರಿಗರ ತೋರಿಸಲಿಲ್ಲೇನು?”

“ಛೇ ಛೇ. ಚಾಚಾ ಮುಟ್ಟಿದ್ದರಿ ಅದು.” ಮುಚ್ಚಳ ಎತ್ತಿ ಒಳಬದಿ ತೋರಿಸಿದ. ಅವನಪ್ಪನ ಕಾಲದಿಂದ ಮೂರು ಸಲ ರಿಪೇರಿ, ಮೂರು ಚಂದ್ರ. ಅವುಗಳ ಪಕ್ಕ ನಾಲ್ಕನೆಯದು ಹಿಡಿಯುವಷ್ಟು ಜಾಗವನ್ನು ಧೂಳು ಒರೆಸಿ, ತಿಕ್ಕಿ, ಹಸನು ಮಾಡಲಾಗಿತ್ತು. ಅಲ್ಲಿ ಏನೂ ಕೊರೆದಿರಲಿಲ್ಲ.

“ವಯಸ್ಸಾಗಿತ್ತಲ್ಲರಿ,” ಎಂದ ಗುರಪ್ಪ. “ಮರತಿರಬೇಕು.”

ನಾನು ಚಾಳೀಸ ತೆಗೆದು ಒರೆಸಿಕೊಂಡೆ. ಹೌದು, ಮರೆತಿರಬೇಕು ಎಂದೆ.