ಹೊಳ್ಳಿ ಬರದ ನಾಯಿಗಳು

ಸಿಂಧನೂರಿನಿಂದ ಮಸ್ಕಿ ಕಡೆ ಹೋಗುವ ರಸ್ತೆಯಲ್ಲಿ, ಊರಿನ ಮನೆಗಳು ಮುಗಿದು ಗದ್ದೆಗಳು ಇನ್ನೂ ಶುರುವಾಗದ ಜಾಗದಲ್ಲಿ ನನ್ನೇಸಾಬನ ಟ್ರ್ಯಾಕ್ಟರ್ ಗ್ಯಾರೇಜು. ಬೋರ್ಡು ಇಲ್ಲ. ಇದ್ದದ್ದನ್ನು ಒಂದು ಬೇಸಿಗೆಯ ಗಾಳಿ ಹೊತ್ತುಕೊಂಡು ಹೋದ ಮೇಲೆ ಇನ್ನೊಂದು ಬರೆಸುವ ಗೋಜಿಗೆ ಅವನು ಹೋಗಲಿಲ್ಲ. ಬೇಕಾದವರಿಗೆ ಗೊತ್ತಿದೆ, ಬೇಡವಾದವರಿಗೆ ಬೋರ್ಡು ಯಾಕೆ ಎನ್ನುವ ಪೈಕಿ. ಮಾತು ಕಡಿಮೆ, ಕೋಪ ಅದಕ್ಕಿಂತ ಕಡಿಮೆ. ತನ್ನ ಕೆಲಸದಲ್ಲಿ ಯಾರಾದರೂ ಕೊಂಕು ತೆಗೆದರೆ ಮಾತ್ರ ಮುಖ ಗಂಟಿಕ್ಕಿಕೊಂಡು ಹೆಂಡತಿ ಖಾಸಿಂಬೀ ಕೊಟ್ಟ ಚಹಾವನ್ನೂ ಕುಡಿಯದೆ ಆರಲು ಬಿಡುತ್ತಿದ್ದ.

ಕೆಲಸ ಕಲಿತದ್ದು ಲಿಂಗಸುಗೂರಿನಲ್ಲಿ, ಒಬ್ಬ ಹಳೆಯ ಉಸ್ತಾದನ ಕೈಕೆಳಗೆ. ಆ ಉಸ್ತಾದ ಹೇಳಿಕೊಟ್ಟ ಒಂದು ಮಾತನ್ನು ನನ್ನೇಸಾಬ ಜೀವಮಾನವಿಡೀ ನಂಬಿದ. ರಿಪೇರಿಯಾದ ಗಾಡಿ ಹೊಳ್ಳಿ, ಅಂದರೆ ತಿರುಗಿ, ಬಂತೆಂದರೆ ನಮ್ಮ ಕೈಯಲ್ಲಿ ತಪ್ಪಾಗಿದೆ. ಹೊಳ್ಳಿ ಬರಲಿಲ್ಲವೆಂದರೆ ರಿಪೇರಿ ಸರಿಯಾಗಿದೆ. ಟ್ರ್ಯಾಕ್ಟರಿನ ಮಟ್ಟಿಗೆ ಇದು ಎಂದೂ ಸುಳ್ಳಾಗಲಿಲ್ಲ. ಕಾಲುವೆ ನೀರು ಬಿಟ್ಟ ಹೊತ್ತಿನಲ್ಲಿ ಕೆಸರಿನಲ್ಲಿ ಗಾಡಿ ನಿಂತರೆ ರೈತ ಸುಮ್ಮನಿರುತ್ತಾನೆಯೇ? ಹಾರಿ ಬಿದ್ದು ಬರುತ್ತಾನೆ, ಬಾಯಿಗೆ ಬಂದದ್ದು ಅನ್ನುತ್ತಾನೆ. ಹಾಗೆ ಯಾರೂ ಬಾರದ ತಿಂಗಳಲ್ಲಿ ನನ್ನೇಸಾಬನ ನಡಿಗೆಯೇ ಬೇರೆ ಇರುತ್ತಿತ್ತು.

ಅದೇ ಉಸ್ತಾದ ಇನ್ನೊಂದು ವಿದ್ಯೆಯನ್ನೂ ದಾಟಿಸಿದ್ದ, ಅದು ನಾಯಿಗಳ ಔಷಧ. ಈ ಸೀಮೆಯಲ್ಲಿ ನಾಯಿಗೆ ಕಜ್ಜಿ ಹತ್ತಿ ಕೂದಲು ಉದುರಿದರೆ ಜನಕ್ಕೆ ಮೊದಲು ನೆನಪಾಗುವುದು ಗ್ಯಾರೇಜು. ಇಂಜಿನ್ನಿನಿಂದ ಇಳಿಸಿದ ಕರಿ ಆಯಿಲ್ಲಿಗೆ ಗಂಧಕ ಕುಟ್ಟಿ ಹಾಕಿ ಮೈಗೆಲ್ಲ ಬಳಿಯುವುದು. ಸಾಲಗುಂದದಿಂದ, ದಢೇಸುಗೂರಿನಿಂದ, ಅತ್ತ ಸಂತೆಕಲ್ಲೂರಿನಿಂದಲೂ ಜನ ಬಾಟಲಿ ಹಿಡಿದು ಬರುತ್ತಿದ್ದರು. ನನ್ನೇಸಾಬ ಕಾಸು ಮುಟ್ಟುತ್ತಿರಲಿಲ್ಲ. ಮೂಕಪ್ರಾಣಿಯ ಸೇವೆ, ಸವಾಬು ಬರುತ್ತದೆ, ಪುಣ್ಯ ಎನ್ನುತ್ತಿದ್ದ. ಮಾತು ಕಡಿಮೆ ಅಂದೆನಲ್ಲ, ಬಾಟಲಿ ತುಂಬುವಾಗ ಮಾತ್ರ ಅವನ ಬಾಯಿಗೆ ತಡೆ ಇರುತ್ತಿರಲಿಲ್ಲ.

"ಎಷ್ಟು ವರ್ಷದಿಂದ ಕೊಡಾಕತ್ತೀನಿ, ಒಬ್ಬನರ ಎರಡನೇ ಸಲ ಬಂದಾನೇನು?" ಎಂದು ಖಾಸಿಂಬೀಯ ಮುಂದೆ ಎದೆ ಉಬ್ಬಿಸುತ್ತಿದ್ದ.

"ಬಂದಿಲ್ಲ ಬಿಡ್ರಿ," ಎನ್ನುತ್ತಿದ್ದಳು ಆಕೆ. ಅಕ್ಕಿಯಲ್ಲಿ ಕಲ್ಲು ಆರಿಸುವವಳಿಗೆ ನಾಯಿಯ ಲೆಕ್ಕ ಯಾಕೆ?

ಅವನಿಗೂ ಒಂದು ನಾಯಿ ಇತ್ತು. ಮರಿಯಿದ್ದಾಗ ಗ್ಯಾರೇಜಿನ ಮೂಲೆಯ ಬೇರಿಂಗ್ ಡಬ್ಬಿಯಲ್ಲಿ ಸುತ್ತಿಕೊಂಡು ಮಲಗಿದ್ದಕ್ಕೆ ಬೇರಿಂಗ ಎಂದೇ ಹೆಸರಾಯಿತು. ಕಂದು ಮೈ, ಬಿಳಿ ಎದೆ, ಒಂದು ಕಿವಿ ಯಾವಾಗಲೂ ಮಡಚಿಕೊಂಡಿರುವ ಬೀದಿ ಜಾತಿ. ಮನೆಯಲ್ಲಿ ಕನ್ನಡ, ದಖ್ಖನಿ ಎರಡನ್ನೂ ಬೆರೆಸಿ ಆಡುತ್ತಿದ್ದರು. ಬೇರಿಂಗನಿಗೆ ಎರಡೂ ಬರುತ್ತಿದ್ದವು, ಕೇಳುವ ಮನಸ್ಸಿದ್ದರೆ. ನನ್ನೇಸಾಬ ಟ್ರ್ಯಾಕ್ಟರಿನ ಅಡಿ ನುಸುಳಿದರೆ ಅದೂ ನುಸುಳಿ ಅವನ ಪಕ್ಕೆಗೆ ಮೂತಿ ಆನಿಸಿ ಮಲಗುತ್ತಿತ್ತು. ಮೇಲಿಂದ ಗ್ರೀಸು ತೊಟ್ಟಿಕ್ಕಿದರೂ ಏಳುತ್ತಿರಲಿಲ್ಲ. ಲಿಂಗಸುಗೂರಿನ ಬ್ಯಾಂಕೊಂದರಲ್ಲಿ ಕೆಲಸ ಮಾಡಿ ದಿನವೂ ಬಸ್ಸಿನಲ್ಲಿ ಹೋಗಿ ಬರುತ್ತಿದ್ದ ಮಗಳು ಸುಲ್ತಾನಾ, "ನನಗಿಂತ ಅದ ನಿಮಗ ಹೆಚ್ಚು ಆತು," ಎಂದು ಕಾಡಿಸುತ್ತಿದ್ದಳು. ಅವನು ಇಲ್ಲ ಎನ್ನುತ್ತಿರಲಿಲ್ಲ.

ಈ ಸಲದ ಭತ್ತದ ಕೊಯ್ಲು ಮುಗಿದ ಮೇಲೆ ಬೇರಿಂಗನ ಕಣ್ಣಿನ ಸುತ್ತ ಕೂದಲು ಉದುರಿತು. "ಸಾಹೇಬರು ಚಷ್ಮಾ ಹಾಕ್ಯಾರ," ಎಂದು ನನ್ನೇಸಾಬ ನಕ್ಕ. ಆಮೇಲೆ ಮೊಣಕೈ, ಕಿವಿಯ ಅಂಚು, ಹೊಟ್ಟೆ. ಚರ್ಮ ಕೆಂಪಾಗಿ ದಪ್ಪಗಾಯಿತು. ಹಗಲೆಲ್ಲ ಕೆರೆದುಕೊಂಡು ರಕ್ತ ಬರಿಸಿಕೊಳ್ಳುತ್ತಿತ್ತು, ಹತ್ತಿರ ಹೋದರೆ ಒಂದು ನಾತ.

"ಪಶು ದವಾಖಾನಿಗೆ ಒಯ್ಯೋಣ ಬರ್ರಿ," ಎಂದಳು ಸುಲ್ತಾನಾ. "ಊರಾಗ ಐತಿ. ನಾಳೆ ನಾ ರಜಾ ಹಾಕತೀನಿ."

"ಊರಿಗೆಲ್ಲಾ ಔಷಧ ಕೊಡಾಂವ ನಾನು. ನನ್ನ ನಾಯಿ ಹಿಡಕೊಂಡು ಹೋಗಿ ಅಲ್ಲಿ ಪಾಳಿ ಹಚ್ಚಲೇನು? ಮಂದಿ ಏನಂದಾರು?"

ಮಂದಿ ಏನೂ ಅನ್ನುತ್ತಿರಲಿಲ್ಲ. ಆದರೆ ಮನುಷ್ಯನಿಗೆ ತಾನು ಪುಕ್ಕಟೆ ಕೊಡುವ ವಸ್ತುವಿನ ಮೇಲೆ ಇರುವಷ್ಟು ಅಭಿಮಾನ ಮಾರುವ ವಸ್ತುವಿನ ಮೇಲೆ ಇರುವುದಿಲ್ಲ.

ಮೊದಲ ಸಲ ಆಯಿಲ್ ಬಳಿದಾಗ ಬೇರಿಂಗ ಕಿವಿ ಹಿಂದಕ್ಕೆ ಹಾಕಿ ನಿಂತೇ ಇತ್ತು. ಒಡೆಯ ಮೈದಡವುತ್ತಿದ್ದಾನೆ ಎಂದು ಬಾಲವನ್ನೂ ಆಡಿಸಿತು. ಬಿಸಿಲಿಗೆ ಕಟ್ಟಿದರು. ಕೆರೆತ ಒಂದೆರಡು ದಿನ ಕಡಿಮೆಯಾದಂತೆ ಕಂಡಿತು. ನನ್ನೇಸಾಬ ಮಗಳ ಕಡೆ ನೋಡಿ ಹುಬ್ಬು ಹಾರಿಸಿದ. ನಾಯಿ ಮಾತ್ರ ಕೂತಲ್ಲಿ ಮೈಯನ್ನು ನೆಕ್ಕಿ ನೆಕ್ಕಿ ಸ್ವಚ್ಛ ಮಾಡಿಕೊಳ್ಳುತ್ತಿತ್ತು. ಅದನ್ನು ಎಲ್ಲರೂ ನೋಡಿದರು, ಯಾರೂ ಏನೂ ಅಂದುಕೊಳ್ಳಲಿಲ್ಲ. ಆಮೇಲೆ ಚರ್ಮ ಬಿರಿದು ನೀರು ಒಸರತೊಡಗಿತು. ಔಷಧ ಸಾಲಲಿಲ್ಲವೇನೋ ಎಂದು ಅವನು ಇನ್ನಷ್ಟು ಗಟ್ಟಿ ಬಳಿದ. ಉರಿಯಿಂದ ನಾಯಿ ಕೂಗಿಕೊಂಡಿತು.

ಅಲ್ಲಿಂದಾಚೆಗೆ ಅವನ ಕೈ ಕಪ್ಪಗೆ ಕಂಡರೆ ಸಾಕು, ಬೇರಿಂಗ ಟ್ರಾಲಿಯ ಅಡಿ ಸೇರುತ್ತಿತ್ತು. ಗ್ಯಾರೇಜಿನವನ ಕೈ ಕಪ್ಪಗಿರದ ಹೊತ್ತು ಯಾವುದು? ಅವನು ಸರಪಳಿ ಹಿಡಿದು ಎಳೆದು ತರುತ್ತಿದ್ದ. "ನಿನ್ನ ಒಳ್ಳೇದಕ್ಕ ಮಾಡಾಕತ್ತೀನಲೇ ಬೇರಿಂಗ, ಸುಮ್ಮನ ನಿಂದ್ರು," ಎಂದು ಬೇಡಿಕೊಳ್ಳುತ್ತಲೇ ಬಳಿಯುತ್ತಿದ್ದ. ಅವನ ಕಣ್ಣಲ್ಲೂ ನೀರಿರುತ್ತಿತ್ತು. ನಾಯಿ ಅನ್ನ ಬಿಟ್ಟಿತು, ಕುಡಿದ ನೀರನ್ನೂ ಕಾರಿತು.

ಆಗ ಅವನಿಗೆ ಸಾಲಗುಂದದ ಸಂಗನಬಸವ ನೆನಪಾದ. ಹೋದ ವರ್ಷ ತನ್ನ ಹೊಲ ಕಾಯುವ ದೊಡ್ಡ ಕರಿ ನಾಯಿಗೆಂದು ಆಯಿಲ್ ಒಯ್ದಿದ್ದ ರೈತ. ಅದಕ್ಕೂ ಹೀಗೇ ಮೈಯೆಲ್ಲ ಬೋಳಾಗಿತ್ತು. ಎಷ್ಟು ಸಲ ಹಚ್ಚಿದ, ಎಷ್ಟು ದಿನಕ್ಕೆ ಕೂದಲು ಬಂತು ಎಂದು ಕೇಳಿಬರೋಣವೆಂದು ನನ್ನೇಸಾಬ ಗಾಡಿ ಹತ್ತಿದ.

ಸಂಗನಬಸವ ಆದರದಿಂದ ಕೂರಿಸಿದ, ಚಹಾ ತರಿಸಿದ. ಅಂಗಳದಲ್ಲಿ ಬೇರೆ ಯಾವುದೋ ಬಿಳಿ ನಾಯಿ ಬೊಗಳುತ್ತಿತ್ತು.

"ಕರಿ ನಾಯಿ ಎಲ್ಲೈತ್ರಿ?"

ಸಂಗನಬಸವ ಬಸಿಯನ್ನು ಕೆಳಗಿಟ್ಟ. "ಅದು... ಹೋತ್ರಿ ಸಾಬ್ರ."

"ಯಾವಾಗ?"

"ನೀವು ಕೊಟ್ಟಿದ್ದು ಹಚ್ಚಿದ ಮ್ಯಾಗ ಉಣ್ಣೋದು ಬಿಟ್ಟಿತ್ರಿ. ಮುಂದ ಭಾಳ ದಿನ ಉಳೀಲಿಲ್ಲ."

"ನನಗ ಯಾಕ ಹೇಳಲಿಲ್ಲ?"

"ಹ್ಯಾಂಗ ಹೇಳಲ್ರಿ? ರೊಕ್ಕ ತಗೊಳ್ಳದ, ನಕ್ಕೊಂತ ಕೊಟ್ಟಿರಿ. ಮುಲಾಜಿಗೆ ಬಿದ್ದು ಸುಮ್ಮನಾದೆ. ದಢೇಸುಗೂರಾಗ ನಮ್ಮ ಬೀಗರು ಒಯ್ದಿದ್ರಲ್ಲ, ಅವರ ನಾಯಿನೂ ಹಂಗ ಆತು. ಅವರೂ ಅಂದ್ರು, ಸಾಬ್ರ ಮನಸಿಗೆ ಬ್ಯಾಸರ ಮಾಡೋದು ಬ್ಯಾಡ ಅಂತ."

ಚಹಾ ಹಾಗೇ ಉಳಿಯಿತು. ಸಾಲಗುಂದದಿಂದ ಸಿಂಧನೂರಿಗೆ ದಾರಿ ದೂರವೇನಲ್ಲ, ಆದರೆ ಅವನು ಅಷ್ಟರಲ್ಲೇ ಎರಡು ಸಲ ಗಾಡಿ ನಿಲ್ಲಿಸಿ ರಸ್ತೆಯ ಬದಿಗೆ ನಿಂತ. ಹೊಳ್ಳಿ ಬರದ ಗಾಡಿಗಳೆಲ್ಲ ಗದ್ದೆಯಲ್ಲಿ ಓಡುತ್ತಿದ್ದವು. ಹೊಳ್ಳಿ ಬರದ ನಾಯಿಗಳು ಎಲ್ಲಿದ್ದವು? ಬಾಟಲಿ ಹಿಡಿದು ಬಂದವರ ಮುಖಗಳು ಒಂದೊಂದಾಗಿ ಕಣ್ಣ ಮುಂದೆ ಬಂದವು. ಅವರೆಲ್ಲ ಒಳ್ಳೆಯ ಜನ. ಒಬ್ಬನಾದರೂ ಕೆಟ್ಟವನಿದ್ದು ಗ್ಯಾರೇಜಿಗೆ ಬಂದು ಕೊರಳಪಟ್ಟಿ ಹಿಡಿದಿದ್ದರೆ ಬೇರಿಂಗನಿಗೆ ಈ ಗತಿ ಬರುತ್ತಿರಲಿಲ್ಲ ಎಂದು ಅವನಿಗೆ ಅನ್ನಿಸಿತು.

ಮನೆಗೆ ಬಂದವನೇ ಬಕೆಟ್ಟಿಗೆ ಸಾಬೂನು ಕಲಸಿ ಆಯಿಲ್ ತೊಳೆಯಲು ಹೋದ. ಕೈ ಚಾಚಿದ್ದೇ ತಡ, ಏಳಲೂ ಆಗದ ನಾಯಿ ಹೊಟ್ಟೆ ಎಳೆದುಕೊಂಡು ಟ್ರಾಲಿಯ ಅಡಿಗೆ ತೆವಳಿತು. ಬಸ್ಸಿಳಿದು ಆಗತಾನೇ ಬಂದ ಸುಲ್ತಾನಾ ಚೀಲವನ್ನು ಅಲ್ಲೇ ಇಟ್ಟು, ತಾನೇ ಅಡಿಗೆ ನುಸುಳಿ ಅದನ್ನು ಹೊರಗೆ ತಂದಳು, ತಾನೇ ತೊಳೆದಳು. ಅವನು ನೀರು ಹೊತ್ತು ತಂದು ತಂದು ದೂರದಲ್ಲಿ ಇಟ್ಟ.

ಮರುದಿನ ಆಸ್ಪತ್ರೆಯ ಬಾಗಿಲು ತೆರೆಯುವ ಮೊದಲೇ ಆಟೋದಲ್ಲಿ ಒಯ್ದರು. ಡಾಕ್ಟರಮ್ಮ ಚರ್ಮವನ್ನು ತುಸು ಕೆರೆದು ಗಾಜಿನ ಮೇಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಬರಿಗಣ್ಣಿಗೆ ಕಾಣದ ಹುಳ, ಕೆಲವು ವಾರ ಗುಳಿಗೆ ಕೊಟ್ಟರೆ ಹೋಗುವಂಥದ್ದು, ಕೂದಲೂ ತಾನಾಗಿ ಬರುತ್ತಿತ್ತು ಎಂದರು. ಆದರೆ ಆಯಿಲ್ ಬಿರಿದ ಚರ್ಮದಿಂದಲೂ ನೆಕ್ಕಿದ್ದರಿಂದಲೂ ಒಳಗಿಳಿದಿದೆ, ಲಿವರು, ಮೂತ್ರಪಿಂಡ ಎರಡೂ ಕೆಟ್ಟಿವೆ. ಅವರು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು, ಅವನಿಗೆ ತಲೆ ತಗ್ಗಿಸಲು ಒಂದು ನೆವ ಸಿಗುತ್ತಿತ್ತು.

ಸಲೈನ್ ಹಾಕುವಾಗ ನನ್ನೇಸಾಬ ಕಾಲು ಹಿಡಿಯಲು ಬಂದ. ಸೋಡಾ ಪುಡಿ ಹಾಕಿ ಉಜ್ಜಿ ಉಜ್ಜಿ ತೊಳೆದುಕೊಂಡು ಬಂದಿದ್ದ ಕೈ. ಆದರೂ ನಾಯಿ ನಡುಗಿ ಉಚ್ಚೆ ಹೊಯ್ದುಕೊಂಡಿತು.

"ನೀವು ಸ್ವಲ್ಪ ಹೊರಗ ನಿಂದ್ರಿ," ಎಂದರು ಡಾಕ್ಟರಮ್ಮ ಮೆಲ್ಲಗೆ. "ಅದಕ್ಕ ಗಾಬರಿ ಆಗಾಕತ್ತೈತಿ."

ಅವನು ಹೊರಗೆ ನಿಂತ. ಕರುವಿಗೆ ಸೂಜಿ ಹಾಕಿಸಲು ಬಂದ ಹೆಂಗಸೊಬ್ಬಳು ಒಳಗೆ ಯಾರ ನಾಯಿ ಎಂದು ಕೇಳಿದಳು. "ನಮ್ಮದೇ," ಎಂದ.

ದಿನಾ ಒಯ್ದರು, ದಿನಾ ತಂದರು. ಶುಕ್ರವಾರ ಡಾಕ್ಟರಮ್ಮ ಇನ್ನು ತರುವುದು ಬೇಡ, ಮನೆಯಲ್ಲೇ ಇರಲಿ ಎಂದರು. ಮಧ್ಯಾಹ್ನ ಅಂಗಳದಲ್ಲಿ ಗೋಣಿಯ ಮೇಲೆ ಮಲಗಿಸಿದ್ದ ಬೇರಿಂಗ ಹೇಗೋ ತೆವಳಿಕೊಂಡು, ಕಟ್ಟೆಯ ಮೇಲೆ ಕೂತಿದ್ದ ಖಾಸಿಂಬೀಯ ಕಾಲ ಹತ್ತಿರ ಬಂತು. ಆಕೆ ನಾಯಿಯನ್ನು ಎಂದೂ ಮುಟ್ಟಿದವಳಲ್ಲ. ಮುಟ್ಟಿದರೆ ನಮಾಜಿಗೆ ಮೊದಲು ಬಟ್ಟೆ ಬದಲಿಸಬೇಕು, ತೊಳೆದುಕೊಳ್ಳಬೇಕು. ಅದಕ್ಕೇ ರೊಟ್ಟಿ ಹಾಕುವುದೂ ದೂರದಿಂದಲೇ. ಆದರೆ ಆ ಮನೆಯಲ್ಲಿ ಅದರ ಮೈಗೆ ಆಯಿಲ್ ಹಚ್ಚಿರದ, ಸರಪಳಿ ಎಳೆದಿರದ, ಸೂಜಿಗೆ ಒತ್ತಿ ಹಿಡಿದಿರದ ಕೈ ಅವಳದೊಂದೇ ಆಗಿತ್ತು. ನಾಯಿ ತಲೆಯನ್ನು ಅವಳ ಪಾದದ ಮೇಲಿಟ್ಟಿತು. ಖಾಸಿಂಬೀ ಒಂದು ಕ್ಷಣ ಬಿಗಿಯಾದಳು. ಆಮೇಲೆ ನೆಲಕ್ಕಿಳಿದು ಕೂತು ಆ ತಲೆಯನ್ನು ತೊಡೆಗೆ ಎತ್ತಿಕೊಂಡಳು.

ಮಸೀದಿಯಿಂದ ಬಂದ ನನ್ನೇಸಾಬ ಅದನ್ನು ಕಂಡು ಓಡಿ ಬಂದ. ಅವನ ಹೆಜ್ಜೆಯ ಸಪ್ಪಳಕ್ಕೆ ಬೇರಿಂಗ ತಲೆ ಎತ್ತಿತು. ಎದ್ದು ಓಡಲು ಮುಂಗಾಲು ಊರಿತು, ಉಗುರು ನೆಲ ಕೆರೆದವು, ಏಳಲಾಗಲಿಲ್ಲ.

"ಬರಬ್ಯಾಡ್ರಿ," ಎಂದಳು ಖಾಸಿಂಬೀ. ದನಿಯಲ್ಲಿ ಸಿಟ್ಟಿರಲಿಲ್ಲ. "ಅಲ್ಲೇ ನಿಂದ್ರಿ."

ಅವನು ನಿಂತ. ಅಷ್ಟೂ ಸಾಲದೆಂದು ಹಿಂದಕ್ಕೆ ಸರಿದು, ರಿಪೇರಿಗೆ ಬಂದ ಟ್ರ್ಯಾಕ್ಟರಿನ ದೊಡ್ಡ ಗಾಲಿಯ ಮರೆಗೆ, ನಾಯಿಗೆ ಕಾಣದಂತೆ, ವಾಸನೆ ಬಾರದಂತೆ ಗಾಳಿಯ ದಿಕ್ಕು ನೋಡಿಕೊಂಡು ಕೂತ. ಆ ನಾಯಿಗೆ ಅವನು ಮಾಡಬಹುದಾದ ಒಳ್ಳೆಯ ಕೆಲಸ ಅದೊಂದೇ ಉಳಿದಿತ್ತು. ಅಲ್ಲಿಂದ ಅವನಿಗೆ ಏನೂ ಕಾಣುತ್ತಿರಲಿಲ್ಲ. ಖಾಸಿಂಬೀ ಏನೋ ಸಣ್ಣಗೆ ಹೇಳುತ್ತಿದ್ದುದು ಮಾತ್ರ ಕೇಳುತ್ತಿತ್ತು, ಮಗುವಿಗೆ ಹೇಳಿದಂತೆ. ರಸ್ತೆಯಲ್ಲಿ ಮಸ್ಕಿಯ ಬಸ್ಸು ಹೋಯಿತು, ಆಟೋಗಳು ಹೋದವು. ಅವನು ಬಾಯಿಗೆ ಹೆಗಲ ವಸ್ತ್ರ ಒತ್ತಿಕೊಂಡು ಕೂತೇ ಇದ್ದ.

ಬಹಳ ಹೊತ್ತಿನ ಮೇಲೆ ಖಾಸಿಂಬೀ ಕರೆದಳು.

"ಇನ್ನ ಬರ್ರಿ."

ಅವನು ಬಂದ, ಮೊಣಕಾಲೂರಿದ, ಬೇರಿಂಗನ ತಣ್ಣಗಾದ ತಲೆಯ ಮೇಲೆ ಕೈ ಇಟ್ಟ. ಅದು ಹೆದರಲಿಲ್ಲ.