ಹಿಂದಿನ ಗಾಲಿಯ ಗುಂಡುಕಲ್ಲು

ಕಾನ್ವೆಂಟಿನಲ್ಲಿ ಕಲಿಸಿದ್ದರಲ್ಲಿ ನನಗೆ ಈಗಲೂ ಮರೆಯದಿರುವುದು ಒಂದೇ: ಸ್ಕರ್ಟಿನ ಕೆಳಗೆ ಪೆಟಿಕೋಟ್ ಇಣುಕಬಾರದು. ಇಣುಕಿದರೆ ಹಿಂದಿನ ಬೆಂಚಿನಿಂದ ಯಾರಾದರೂ ಮೆಲ್ಲಗೆ, "ಯುವರ್ ಸ್ಲಿಪ್ ಈಸ್ ಶೋಯಿಂಗ್" ಎನ್ನುತ್ತಿದ್ದರು. ಆಗ ಕಿವಿ ಬಿಸಿಯಾಗುತ್ತಿತ್ತಲ್ಲ, ಆ ಬಿಸಿ ಹೋದ ಬೇಸಿಗೆಯಲ್ಲಿ, ಈ ನ್ಯೂಜೆರ್ಸಿಯಲ್ಲಿ, ಯಾರದೋ ಮನೆಯ ಮುಂದೆ ಕಾರು ನಿಲ್ಲಿಸುವ ಡ್ರೈವ್‌ವೇಯಲ್ಲಿ ನಿಂತಿದ್ದಾಗ ಮತ್ತೆ ಬಂತು.

ನನ್ನದು ಹಳೆಯ ಕಾರು, ನಮ್ಮವರು ಕೊನೆಯದಾಗಿ ಕೊಂಡದ್ದು. ಎರಡು ಸೀಟುಗಳ ನಡುವೆ ಕೈಯಿಂದ ಎಳೆಯುವ ಹ್ಯಾಂಡ್‌ಬ್ರೇಕ್ ಇರುವಂಥದು. ನಾವಿರುವ ಕೆಂಡಲ್ ಪಾರ್ಕ್ ಊರಿನಲ್ಲಿ ಕಾರಿಲ್ಲದವರು ಹಾಲು ತರುವುದಕ್ಕೂ ಇನ್ನೊಬ್ಬರ ಮುಖ ನೋಡಬೇಕು. ನಾನು ಲೈಬ್ರರಿಗೆ, ರಾಬಿನ್ಸ್‌ವಿಲ್‌ನ ಗೆಳತಿಯ ಮನೆಗೆ ಯಾರನ್ನೂ ಕೇಳದೆ ಹೋಗಿಬರುತ್ತಿದ್ದೆ. ಆದರೆ ಚಳಿಗಾಲದಲ್ಲಿ ಒಮ್ಮೆ ಮೇಲ್‌ಬಾಕ್ಸಿನ ಕಂಬಕ್ಕೆ ಕಾರು ತಾಗಿಸಿದಾಗ ಮಗಳು ಸ್ಪಷ್ಟವಾಗಿ ಹೇಳಿದ್ದಳು: "ಒನ್ ಮೋರ್ ಥಿಂಗ್, ಅಮ್ಮ. ಆಮೇಲೆ ಕೀ ನನ್ನ ಹತ್ರ."

ಆ ಒನ್ ಮೋರ್ ಥಿಂಗ್ ಆಗಿಯೇ ಹೋಯಿತು. ಗೆಳತಿಯ ಮನೆಯಿಂದ ಹೊರಡುವಾಗ ಹ್ಯಾಂಡ್‌ಬ್ರೇಕನ್ನು ಪೂರ್ತಿ ಇಳಿಸಿರಲಿಲ್ಲ. ದಾರಿಯುದ್ದಕ್ಕೂ ಸುಟ್ಟ ವಾಸನೆ. ಯಾರೋ ಬಾರ್ಬೆಕ್ಯೂ ಮಾಡುತ್ತಿದ್ದಾರೆ ಅಂದುಕೊಂಡು ಕಿಟಕಿ ಏರಿಸಿದೆ. ಡ್ಯಾಶ್‌ಬೋರ್ಡಿನಲ್ಲಿ ಕೆಂಪು ದೀಪ ಉರಿಯುತ್ತಿತ್ತು, ಸೀಟ್‌ಬೆಲ್ಟಿನದಿರಬೇಕು ಅಂದುಕೊಂಡೆ. ಮನೆ ಮುಟ್ಟಿ ಬ್ರೇಕ್ ಎಳೆಯಲು ಕೈಹಾಕಿದರೆ ಅದು ಆಗಲೇ ಅರ್ಧ ಮೇಲಿತ್ತು. ಅಂದಿನಿಂದ ಎಷ್ಟು ಎಳೆದರೂ ಹಿಡಿತವಿಲ್ಲ. ಗೇರನ್ನು ಪಾರ್ಕಿಗೆ ಹಾಕಿದರೂ ಇಳಿಜಾರಿನಲ್ಲಿ ಕಾರು ಒಂದು ಗೇಣು ಜಾರಿ ಗಕ್ಕನೆ ನಿಲ್ಲುವುದು. ಪ್ರತಿ ಸಲವೂ ನನ್ನ ಎದೆ ಅದರ ಜೊತೆಗೇ ಜಾರುವುದು.

ರಿಪೇರಿಗೆ ಕೊಡಬಹುದಿತ್ತು. ಆದರೆ ಗ್ಯಾರೇಜಿನವರ ಬಳಿ ಇರುವುದು ಮಗಳ ಫೋನ್ ನಂಬರ್. ಏನಿದ್ದರೂ ಅವಳಿಗೇ ಕರೆ ಹೋಗುತ್ತದೆ. ಆಗ ಬೇಸ್‌ಮೆಂಟಿನಲ್ಲಿದ್ದ ನಮ್ಮತ್ತೆಯವರ ರುಬ್ಬುವ ಗುಂಡು ನೆನಪಾಯಿತು. ಒರಳು ಮೈಸೂರಿನಲ್ಲೇ ಉಳಿದಿತ್ತು. ಗುಂಡನ್ನು ಮಾತ್ರ, ಅಮ್ಮನ ಕೈಯಲ್ಲಿ ಸವೆದ ಕಲ್ಲು ಅಂತ ನಮ್ಮವರು ಸೂಟ್‌ಕೇಸಿನಲ್ಲಿ ಹೊತ್ತು ತಂದಿದ್ದರು. ಲಾರಿಯವರು ಗಾಲಿಗೆ ಕಲ್ಲು ಕೊಡುವುದನ್ನು ನೋಡಿಕೊಂಡೇ ಬೆಳೆದವಳು ನಾನು. ಗುಂಡನ್ನು ಲೈಬ್ರರಿಯ ಬಟ್ಟೆಚೀಲಕ್ಕೆ ಹಾಕಿ ಕಾರಿನಲ್ಲಿಟ್ಟುಕೊಂಡೆ. ಇಳಿಜಾರು ಕಂಡಲ್ಲಿ ಹಿಂದಿನ ಗಾಲಿಗೆ ಕೊಡುವುದು, ಹೊರಡುವಾಗ ಅತ್ತಿತ್ತ ನೋಡಿ ಎತ್ತಿಕೊಳ್ಳುವುದು. ಬೇಸಿಗೆಯ ಬಹುಪಾಲು ಹೀಗೇ ಕಳೆಯಿತು.

ಮಗಳ ಸ್ನೇಹಿತೆಯ ಮನೆಯ ಗೃಹಪ್ರವೇಶ ಬಂತು. ಧಾರವಾಡದ ಕಡೆಯವರು. ಹೊಸ ಮನೆ ದಿಬ್ಬದ ಮೇಲೆ. ಡ್ರೈವ್‌ವೇ ಅನ್ನುವುದು ಜಾರುಬಂಡೆಯೇ. ಮಗಳು ಬರುವ ಮುಂಚೆಯೇ ಹೋಗಿ, ಕಲ್ಲು ಕೊಟ್ಟು, ಸೆರಗು ಸರಿಮಾಡಿಕೊಂಡು ಒಳಗೆ ಕೂತೆ. ಪೂಜೆ ಮುಗಿದು ಎಲ್ಲರೂ ಪ್ಲೇಟ್ ಹಿಡಿದಿದ್ದಾಗ ಹೊರಗಿನಿಂದ ಕೂಗು ಕೇಳಿಸಿತು. ಸ್ನೇಹಿತೆಯ ತಾಯಿ, ಊರಿನಿಂದ ಬಂದವರು, ಸುಮಾರು ನನ್ನ ವಯಸ್ಸಿನವರು, ಹೂ ಕೀಳಲು ಹೋಗಿದ್ದರು.

"ಯವ್ವಾ, ಈಶ್ವರಲಿಂಗನ ತಂದು ಗಾಲಿ ಬುಡಕ ಇಟ್ಟಾರಲ್ಲ. ಯಾರ ಕಾರ್ ಇದು?"

ಎಲ್ಲರೂ ಹೊರಗೆ ಬಂದರು. ಆಕೆ ಹೂಬುಟ್ಟಿ ಕೆಳಗಿಟ್ಟು ಕೈಮುಗಿದು ನಿಂತಿದ್ದರು. ಯಾವುದೋ ಮಗು, "ಸಮ್‌ಬಡಿ ಪಾರ್ಕ್ಡ್ ಆನ್ ಗಾಡ್" ಎಂದಿತು. ಮಗಳು ಕಾರನ್ನು ನೋಡಿದಳು, ಆಮೇಲೆ ನನ್ನನ್ನು.

"ಲಿಂಗ ಅಲ್ಲ," ಎಂದೆ. "ರುಬ್ಬೋ ಗುಂಡು. ನಮ್ಮ ಕಾರೇ."

ಆಕೆ ಬಗ್ಗಿ ಕಲ್ಲನ್ನು ಸವರಿ ನೋಡಿದರು. "ಹೌದಲ್ಲ. ಅತ್ತಿಯವರದೇನ್ರಿ?"

"ಹೂಂ."

"ದೇವರಾಗಿದ್ರ ಕ್ಷಮಾ ಮಾಡ್ತಿದ್ದ ನೋಡ್ರಿ ಅಕ್ಕಾರ. ನಿಮ್ಮತ್ತಿ ಇದ್ದಿದ್ರ ನಿಮ್ಮನ್ನ ಗಾಲಿಗೆ ಕೊಡ್ತಿದ್ರು."

ಎಲ್ಲರೂ ನಕ್ಕರು. ನಾನೂ ನಕ್ಕೆ. ಮಗಳು ನಗಲಿಲ್ಲ. ಹತ್ತಿರ ಬಂದು ತಗ್ಗಿದ ದನಿಯಲ್ಲಿ, "ಹ್ಯಾಂಡ್‌ಬ್ರೇಕ್ ಹಿಡೀತಿಲ್ವಾ?" ಎಂದಳು.

"ಸ್ವಲ್ಪ ಲೂಸು."

"ಯಾವಾಗಿಂದ?"

"ನೆನ್ನೆ ಮೊನ್ನೆಯಿಂದ."

ಅವಳು ಸೀಟಿನ ಮೇಲಿದ್ದ ಬಟ್ಟೆಚೀಲವನ್ನು ನೋಡಿದಳು. ಅದರ ತಳವೆಲ್ಲ ಟೈರಿನ ಮಸಿ ಹತ್ತಿ ಕರ್ರಗಾಗಿತ್ತು. ನೆನ್ನೆ ಮೊನ್ನೆಯ ಮಸಿಯಲ್ಲ ಅದು. ಕೈ ಚಾಚಿದಳು. ನಾನು ಕೀ ಕೊಟ್ಟೆ.

ಸೋಮವಾರ ಅವಳು ರಜೆ ಹಾಕಿ ಕಾರನ್ನು ಗ್ಯಾರೇಜಿಗೆ ಒಯ್ದಳು. ಬೇಡವೆಂದರೂ ನಾನೂ ಹೋದೆ. ಗ್ಯಾರೇಜಿನವನು ಅವಳನ್ನೇ ಕೇಳಿದ, ಯಾರಾದರೂ ಬ್ರೇಕ್ ಎಳೆದುಕೊಂಡೇ ಓಡಿಸಿದ್ದಾರಾ ಎಂದು. ಅವಳು ನನ್ನತ್ತ ತಿರುಗಿದಳು.

"ಒನ್ಸ್," ಎಂದೆ. "ಐ ಥಾಟ್ ಇಟ್ ವಾಸ್ ಅ ಬಾರ್ಬೆಕ್ಯೂ."

ಅವನು ಗಂಭೀರವಾಗಿ ತಲೆಯಾಡಿಸಿದ. ನಕ್ಕಿದ್ದರೇ ವಾಸಿಯಿತ್ತು.

ಸಂಜೆ ಹೊಸ ಬ್ರೇಕ್ ಶೂ, ಬಿಗಿಮಾಡಿದ ಕೇಬಲ್ಲಿನೊಂದಿಗೆ ಕಾರು ಸಿಕ್ಕಿತು. ಮನೆಯ ಇಳಿಜಾರಿನಲ್ಲಿ ಮಗಳು ಕಾರು ನಿಲ್ಲಿಸಿ, ಗೇರನ್ನು ನ್ಯೂಟ್ರಲ್‌ಗೆ ಹಾಕಿ, ಬ್ರೇಕ್ ಎಳೆದು, ಪೆಡಲಿನಿಂದ ಕಾಲು ತೆಗೆದಳು. ಕಾರು ಕದಲಲಿಲ್ಲ. ರಿಪೋರ್ಟ್ ಕಾರ್ಡಿಗೆ ಕಾಯುವ ಹುಡುಗಿಯ ಹಾಗೆ ನಾನು ಕೈಕಟ್ಟಿ ಕೂತಿದ್ದೆ.

"ಅಮ್ಮ, ನನ್ನ ಕಂಡ್ರೆ ನಿಂಗೆ ಅಷ್ಟೊಂದು ಭಯಾನಾ?"

ಎಪ್ಪತ್ತು ದಾಟಿದವಳಿಗೆ, ತಾನೇ ಡ್ರೈವಿಂಗ್ ಕಲಿಸಿದ ಮಗಳಿಂದ ಈ ಪ್ರಶ್ನೆ. "ಕೀ ಬೇಕಿತ್ತು ಕಣೆ," ಎಂದೆ.

ಅವಳು ಗೇರನ್ನು ಪಾರ್ಕಿಗೆ ಹಾಕಿ ಎಂಜಿನ್ ಆಫ್ ಮಾಡಿದಳು. ಆಮೇಲೆ ಕೀಯನ್ನು ನನ್ನ ಮಡಿಲಲ್ಲಿಟ್ಟಳು. "ಏನಾದ್ರೂ ಆದ್ರೆ ನಂಗೆ ಹೇಳು. ಕಾರಿಗಾದ್ರೂ, ನಿಂಗಾದ್ರೂ."

ಕಿತ್ತುಕೊಂಡಿದ್ದರೆ ಜಗಳವಾಡಬಹುದಿತ್ತು. ಹೀಗೆ ಕೊಟ್ಟದ್ದಕ್ಕೆ ತಲೆ ಎತ್ತಲಾಗಲಿಲ್ಲ.

ಗುಂಡನ್ನು ಸೀಗೇಪುಡಿ ಹಾಕಿ ಉಜ್ಜಿ ಉಜ್ಜಿ ತೊಳೆದು ಅಡುಗೆಮನೆಯಲ್ಲಿಟ್ಟಿದ್ದೇನೆ. ಒಂದು ಮಗ್ಗುಲಿನ ಟೈರಿನ ಗುರುತು ಹೋಗಿಲ್ಲ. ಆ ಮಗ್ಗುಲನ್ನು ಗೋಡೆಯ ಕಡೆ ತಿರುಗಿಸಿಟ್ಟಿದ್ದೇನೆ. ಮಗಳಿಗೂ ಅದು ಗೊತ್ತು. ಕಾಫಿ ಕುಡಿಯುವಾಗ ಒಮ್ಮೆ ಅತ್ತ ನೋಡಿ ಮತ್ತೆ ಲೋಟಕ್ಕೆ ತುಟಿ ಹಚ್ಚುತ್ತಾಳೆ.